ಆ ಕೆತ್ತನೆಯೇ ಕೂಲಿಯಾಗಿತ್ತು

(1930ರ ದಶಕದ ಅಮೆರಿಕದ ಸರ್ಕಾರಿ ಕಾಮಗಾರಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ದಾವಣಗೆರೆಯ ನಿವೃತ್ತ ಎಂಜಿನಿಯರ್ ಒಬ್ಬರು ಬರೆದ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ, ನಮಸ್ಕಾರ.

ಮೊದಲು ನಮ್ಮ ತಪ್ಪು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯನ್ನು ನಾವು, ಆ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ ಕೈಗೊಂಡ ಪರಿಹಾರ ಕಾಮಗಾರಿಗಳ ಸಾಲಿಗೆ ಸೇರಿಸಿದ್ದೆವು. ನೀವು ತಿದ್ದಿದ್ದೇ ಸರಿ. ಅಲ್ಲಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮತದಾರರು 1930ರಲ್ಲಿ ಒಪ್ಪಿಗೆ ಕೊಟ್ಟ ಮೂರೂವರೆ ಕೋಟಿ ಡಾಲರ್ ಬಾಂಡಿನಿಂದ ಎದ್ದ ಸೇತುವೆ ಅದು. ಜನ ತಮ್ಮ ಮನೆ, ಹೊಲಗಳನ್ನೇ ಆಧಾರವಾಗಿ ಒಡ್ಡಿದ್ದರು. 1933ರಲ್ಲಿ ಕೆಲಸ ಶುರುವಾಗಿ 1937ರಲ್ಲಿ ಮುಗಿಯಿತು. ಕಾಲ ಒಂದೇ ಎಂದು ನಾವು ಎಡವಿದೆವು. ಕ್ಷಮೆಯಿರಲಿ.

ಇನ್ನು ನಿಮ್ಮ ಪ್ರಶ್ನೆ. ಆರೆಗನ್ ರಾಜ್ಯದಲ್ಲಿರುವ ಮಗಳು ನಿಮ್ಮನ್ನು ಮೌಂಟ್ ಹುಡ್ ಬೆಟ್ಟಕ್ಕೆ ಕರೆದೊಯ್ದಾಗ ಅಲ್ಲಿ ಡಬ್ಲ್ಯುಪಿಎ ಎಂಬ ಸರ್ಕಾರಿ ಪರಿಹಾರ ಸಂಸ್ಥೆ ಕಟ್ಟಿಸಿದ ಟಿಂಬರ್‌ಲೈನ್ ಲಾಡ್ಜ್ ಎಂಬ ವಸತಿಗೃಹ ನೋಡಿದಿರಿ. "ಕೂಳಿಗೆ ತತ್ವಾರವಿದ್ದ ಕಾಲದಲ್ಲಿ, ಹಿಮದ ಮೇಲೆ ಜಾರಿ ಆಡಲು ಬರುವ ಉಳ್ಳವರಿಗಾಗಿ ಇಷ್ಟು ಕೆತ್ತನೆಯ ಬಂಗಲೆ ಯಾಕೆ ಬೇಕಿತ್ತು? ಆ ದುಡ್ಡನ್ನೇ ಹಂಚಬಹುದಿತ್ತಲ್ಲ?" ಎಂದು ಕೇಳಿದ್ದೀರಿ. ಬಡವರ ದುಡ್ಡು ಪೋಲಾಗಬಾರದೆಂಬ ಕಳಕಳಿ ಇದರಲ್ಲಿದೆ. ಆದರೂ ಈ ಒಂದು ವಿಷಯದಲ್ಲಿ ನಾನು ನಿಮ್ಮ ಜೊತೆ ಜಗಳವಾಡಲೇಬೇಕು.

ನೀವು ಜೀವನವಿಡೀ ಎಸ್ಟಿಮೇಟ್ ಬರೆದವರು. ಆ ಲೆಕ್ಕದಲ್ಲೇ ನೋಡೋಣ. 1937ರ ಸೆಪ್ಟೆಂಬರ್ 28ರಂದು ರೂಸ್‌ವೆಲ್ಟ್ ಆರೆಗನ್‌ನಲ್ಲಿ ಎರಡು ಕಾಮಗಾರಿ ಉದ್ಘಾಟಿಸಿದರು. ಒಂದು, ಕೊಲಂಬಿಯಾ ನದಿಯ ಬಾನೆವಿಲ್ ಅಣೆಕಟ್ಟು. ಇನ್ನೊಂದು, ಈ ಲಾಡ್ಜ್. ಅಣೆಕಟ್ಟಿಗೆ ಹಣ ಬಂದದ್ದು 1933ರಲ್ಲಿ ಹುಟ್ಟಿದ, ಹೆರಾಲ್ಡ್ ಇಕಿಸ್ ನಡೆಸುತ್ತಿದ್ದ ಪಿಡಬ್ಲ್ಯುಎ ಎಂಬ ಸಂಸ್ಥೆಯಿಂದ. ಅದರ ದಾರಿ ನಿಮಗೆ ಗೊತ್ತಿರುವುದೇ: ದೊಡ್ಡ ಯೋಜನೆ, ಟೆಂಡರು, ಗುತ್ತಿಗೆದಾರ, ರಾಶಿ ಸಿಮೆಂಟು, ರಾಶಿ ಉಕ್ಕು. ಲಾಡ್ಜ್ ಕಟ್ಟಿಸಿದ ಡಬ್ಲ್ಯುಪಿಎ ಬೇರೆಯೇ ಸಂಸ್ಥೆ. ಅದು 1935ರಲ್ಲಿ ಹ್ಯಾರಿ ಹಾಪ್ಕಿನ್ಸ್ ಕೈಕೆಳಗೆ ಶುರುವಾಯಿತು. ಪರಿಹಾರದ ಪಟ್ಟಿಯಲ್ಲಿ ಹೆಸರಿದ್ದವರನ್ನು ಸರ್ಕಾರವೇ ಕೆಲಸಕ್ಕೆ ಹಚ್ಚಿ, ಕೂಲಿಯನ್ನೂ ತಾನೇ ಬಟವಾಡೆ ಮಾಡುವುದು ಅದರ ಕ್ರಮ. ಇಕಿಸ್ ಕಟ್ಟಡದ ಬಾಳಿಕೆ ನೋಡುತ್ತಿದ್ದರೆ ಹಾಪ್ಕಿನ್ಸ್ ಈ ವಾರ ಎಷ್ಟು ಮನೆಯ ಒಲೆ ಉರಿಯಿತು ಎಂದು ನೋಡುತ್ತಿದ್ದರು.

ಆ ಕಣ್ಣಿನಿಂದ ಲಾಡ್ಜನ್ನು ಮತ್ತೊಮ್ಮೆ ನೋಡಿ. ಮೆಟ್ಟಿಲ ಬದಿಯ ಕಂಬಗಳ ತಲೆಯಲ್ಲಿ ಕರಡಿ, ಗೂಬೆ ಕೆತ್ತಿದ್ದಾರಲ್ಲ, ಅವು ಕಿತ್ತುಹಾಕಿದ ಹಳೆಯ ತಂತಿ ಕಂಬಗಳು. ಅಗ್ಗಿಷ್ಟಿಕೆಯಲ್ಲಿ ಸೌದೆ ಹೊತ್ತ ಕಬ್ಬಿಣ ಹಳೆಯ ರೈಲು ಹಳಿ. ನೆಲದ ಜಮಖಾನೆಗಳಿಗೆ ಬಳಸಿದ್ದು ಹಳೆಯ ಕಂಬಳಿಗಳನ್ನು. ಬಾಗಿಲಿನ ಚಿಲಕ, ತಿರುಗಣಿಗಳನ್ನು ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಬಡಿದರು. ಪರದೆಯ ಬಟ್ಟೆಯನ್ನು ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದರು. ಈ ಅಲಂಕಾರದ ಸಾಮಗ್ರಿಯಲ್ಲಿ ಬಹಳಷ್ಟು ಗುಜರಿ. ಖರ್ಚಿನ ದೊಡ್ಡ ಪಾಲು ಕೂಲಿಯ ಬಾಬತ್ತು. ಬೋಳು ಕಾಂಕ್ರೀಟ್ ಡಬ್ಬಿ ಕಟ್ಟಿದ್ದರೆ ಕಮ್ಮಾರನಿಗೂ ನೇಕಾರಳಿಗೂ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ನಿಮಗೆ ದುಂದು ಎನಿಸಿದ ಆ ಅಲಂಕಾರವೇ ಅಲ್ಲಿ ಪರಿಹಾರ. ನಮ್ಮ ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ ಕೂಲಿಗೆ ಶೇ. 60, ಸಾಮಗ್ರಿಗೆ ಶೇ. 40 ಎಂದು ಗೆರೆ ಎಳೆದದ್ದೂ ಇದೇ ಕಾರಣಕ್ಕಲ್ಲವೇ? ಜೆಸಿಬಿ ಒಂದು ದಿನದಲ್ಲಿ ಮುಗಿಸುವ ಕೆರೆ ಹೂಳನ್ನು ನೂರು ಜನರ ಕೈಯಲ್ಲಿ ಎತ್ತಿಸುವುದರ ಅರ್ಥ ನಿಮಗೆ ನಾನು ಹೇಳಬೇಕಿಲ್ಲ.

ದುಡ್ಡು ಹಂಚಬಹುದಿತ್ತಲ್ಲ ಎಂಬ ಮಾತಿಗೆ ಹಾಪ್ಕಿನ್ಸ್ ಅವರೇ ಉತ್ತರ ಕೊಟ್ಟಿದ್ದರು: ಬರಿಗೈಗೆ ದುಡ್ಡು ಹಾಕಿದರೆ ದೇಹ ಉಳಿಯುತ್ತದೆ, ಮನಸ್ಸು ಸಾಯುತ್ತದೆ, ಕೆಲಸ ಕೊಟ್ಟರೆ ಎರಡೂ ಉಳಿಯುತ್ತವೆ ಎಂಬುದು ಅವರ ನಂಬಿಕೆ. ಇದು ದುಡಿಯಲಾಗದ ಮುದುಕರಿಗೆ, ಕಾಯಿಲೆಯವರಿಗೆ ಹೊಂದದು, ಅವರಿಗೆ ಹಂಚಲೇಬೇಕು. ಆದರೆ 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಕಸುಬು ಗೊತ್ತಿದ್ದೂ ಖಾಲಿ ಕೂತ ಬಡಗಿಗೆ ಗಂಜಿಯ ಸಾಲಿನಲ್ಲಿ ನಿಲ್ಲುವುದು ಎಂಥ ಸಂಕಟವೆಂದು ನೆನೆದರೆ ನನ್ನ ಮನಸ್ಸು ಹಾಪ್ಕಿನ್ಸ್ ಕಡೆಗೇ ವಾಲುತ್ತದೆ.

ಡಬ್ಲ್ಯುಪಿಎ ಬರೀ ಬಂಗಲೆ ಕಟ್ಟಲಿಲ್ಲ ಎಂಬುದನ್ನೂ ಹೇಳಬೇಕು. 1943ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದಿದ್ದರು. ಹೊಸದು, ದುರಸ್ತಿ ಸೇರಿ ಸುಮಾರು 1.25 ಲಕ್ಷ ಸಾರ್ವಜನಿಕ ಕಟ್ಟಡಗಳು, ಆರೂವರೆ ಲಕ್ಷ ಮೈಲಿಯಷ್ಟು ರಸ್ತೆ. ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇವಲ್ಲ. ಹಳ್ಳಿಗಾಡಿನಲ್ಲಿ ಆ ಕಾರ್ಮಿಕರು 20 ಲಕ್ಷಕ್ಕೂ ಹೆಚ್ಚು ಶೌಚಾಲಯ ಕಟ್ಟಿಕೊಟ್ಟರು. ಅವನ್ನು ನೋಡಲು ಯಾವ ಪ್ರವಾಸಿಯೂ ಹೋಗುವುದಿಲ್ಲ, ಕೊಕ್ಕೆಹುಳುವಿನ ಕಾಟ ತಗ್ಗಿದ ಊರುಗಳಿಗೆ ಮಾತ್ರ ಅವುಗಳ ಬೆಲೆ ಗೊತ್ತು.

ಎಲ್ಲವೂ ನ್ಯಾಯವಾಗಿ ನಡೆಯಿತು ಎನ್ನಲಾರೆ. ಮನೆಗೊಬ್ಬರಿಗೇ ಕೆಲಸ ಎಂಬ ನಿಯಮದಿಂದ ಗಂಡನಿದ್ದ ಹೆಂಗಸರು ಹೊರಗುಳಿದರು. ಕಾಡು ಬೆಳೆಸುವ ಸಿಸಿಸಿ ಎಂಬ ಅದೇ ಸರ್ಕಾರದ ಇನ್ನೊಂದು ಯೋಜನೆಯ ಶಿಬಿರಗಳಿಗೆ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಕಪ್ಪು ಹುಡುಗರನ್ನು ಬೇರೆ ಶಿಬಿರಗಳಲ್ಲಿ ಇರಿಸಿದರು. ಹಸಿವು ಒಂದೇ ಆಗಿದ್ದಾಗಲೂ ಪಂಕ್ತಿ ಬೇರೆ ಮಾಡಿದ್ದು ನಮ್ಮ ಓದುಗರಿಗೆ ಅಪರಿಚಿತವಲ್ಲದ ಪಾಪ. ನಮ್ಮ ಲೇಖನ ಈ ವಿಷಯ ಎತ್ತಬೇಕಿತ್ತು, ಎತ್ತಲಿಲ್ಲ.

ಉಳ್ಳವರ ಬಂಗಲೆ ಎಂದಿರಿ. 1955ರಲ್ಲಿ ಬಿಲ್ಲು ಕಟ್ಟಲಾಗದೆ ವಿದ್ಯುತ್ತು ಕಡಿದು, ಲಾಡ್ಜ್ ಬಾಗಿಲು ಹಾಕಿತ್ತು. ಅದೇ ವರ್ಷ ಹೊಸಬರೊಬ್ಬರು ನಡೆಸಲು ಮುಂದೆ ಬಂದದ್ದರಿಂದ ಉಳಿಯಿತು. ಇಂದಿಗೂ ಅದು ಅರಣ್ಯ ಇಲಾಖೆಯ ನೆಲದಲ್ಲಿರುವ ಜನರ ಸ್ವತ್ತು.

ಬರುವ ಬೇಸಿಗೆಗೆ ಮತ್ತೆ ಮಗಳ ಮನೆಗೆ ಹೋಗುವುದಾಗಿ ಬರೆದಿದ್ದೀರಿ. ಬಾನೆವಿಲ್ ಅಣೆಕಟ್ಟಿನಲ್ಲಿ ಮೀನುಗಳು ಹತ್ತಿಹೋಗಲು ಮಾಡಿರುವ ಏಣಿಯನ್ನು ತಪ್ಪದೆ ನೋಡಿ. ನೀರಾವರಿಯ ಕೆಲಸ ಬಲ್ಲ ಕಣ್ಣು ಅದರಲ್ಲಿ ಏನು ಕಂಡಿತು ಎಂದು ಬರೆದು ಕಳಿಸಿದರೆ ಮುಂದಿನ ದೀಪಾವಳಿ ಸಂಚಿಕೆಯಲ್ಲಿ ಜಾಗ ತೆಗೆದಿಡುತ್ತೇನೆ.

ನಿಮ್ಮ,
ಸಂಪಾದಕ