ಮೂರು ಸಾವಿರದ ಚರ್ಮದ ಬೂಟು ಮಲೆನಾಡಿನ ಮಳೆಗೆ ಬಾಳುತ್ತದೆಯೇ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದಲ್ಲಿ ಕೆಲಸ, ದಿನಾ ಬೈಕಿನ ಓಡಾಟ, ಮೂರರಿಂದ ಮೂರೂವರೆ ಸಾವಿರದ ಬಜೆಟ್. ಹಿಂದಿನ ಬೂಟಿನ ಅಟ್ಟೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ಈಗ ಎರಡು ಜೋಡಿ ನೋಡಿಟ್ಟಿದ್ದೀರಿ. ಒಂದು ಪಕ್ಕಕ್ಕೆ ಜಿಪ್ ಇರುವ ಪಿಯು ಅಟ್ಟೆಯದು, ಅರ್ಧ ಬೆಲೆಗೆ ಸಿಗುತ್ತಿದೆ. ಇನ್ನೊಂದು ಲೇಸ್ ಕಟ್ಟುವ ರಬ್ಬರ್ ಅಟ್ಟೆಯದು. ಎರಡರ ಮೇಲೂ ‘ಜೆನ್ಯೂನ್ ಲೆದರ್’ ಎಂದಿದೆ. ಯಾವುದು ಬಾಳುತ್ತದೆ, ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು?

ನಾನು ತಮಿಳುನಾಡಿನ ಆಂಬೂರಿನ ಕಡೆ ಒಂದು ಶೂ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ವಿಭಾಗದಲ್ಲಿದ್ದೆ, ಆಮೇಲೆ ತಯಾರಾದ ಮಾಲು ತಪಾಸಣೆ ಮಾಡುವ ಕೆಲಸ ನೋಡಿಕೊಂಡೆ. ಅಲ್ಲಿ ಕಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೆಲೆಯ ಬೂಟಿನಲ್ಲಿ ಮೊದಲು ಸಾಯುವುದು ಚರ್ಮ ಅಲ್ಲ. ಅಟ್ಟೆ ಅಂಟಿರುವ ಜಾಗ, ಒಳಗಿನ ರಟ್ಟು, ಜಿಪ್, ಹಿಮ್ಮಡಿಯ ಒಳಬಟ್ಟೆ, ಇವೆಲ್ಲ ಚರ್ಮಕ್ಕಿಂತ ಮುಂಚೆ ಹೋಗುತ್ತವೆ. ಆದರೆ ಅಂಗಡಿಯಲ್ಲಿ ಜನ ಚರ್ಮವನ್ನು ಮೂಸಿ, ಸವರಿ, ಹೊಳಪು ನೋಡಿ ದುಡ್ಡು ಕೊಡುತ್ತಾರೆ. ಬೂಟನ್ನು ತಿರುಗಿಸಿ ಕೆಳಗೆ ನೋಡುವವರು ಕಡಿಮೆ. ನೀವು ಕೆಳಗಿನಿಂದಲೇ ಶುರು ಮಾಡಿ.

ಪಿಯು ಎಂದರೆ ಪಾಲಿಯುರೆಥೇನ್. ಹಗುರ, ಮೆತ್ತಗೆ, ಹಾಕಿದ ಕೂಡಲೇ ಕಾಲಿಗೆ ಹಿತ. ಆದರೆ ಗಾಳಿಯ ತೇವ ಅದರೊಳಗೆ ನಿಧಾನವಾಗಿ ಸೇರಿ, ಅದರ ಅಣುಗಳ ಕೊಂಡಿಯನ್ನೇ ಕಡಿಯುತ್ತಾ ಬರುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ಬೂಟು ಹಾಕಿದರೂ ಸರಿ, ಡಬ್ಬದಲ್ಲೇ ಇಟ್ಟರೂ ಸರಿ, ಇದು ನಡೆಯುತ್ತಲೇ ಇರುತ್ತದೆ. ಬಿಸಿ ಮತ್ತು ತೇವ ಎರಡೂ ಸೇರಿದರೆ ಇನ್ನೂ ಬೇಗ. ಮದುವೆಗೆಂದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಬೂಟು ಛತ್ರದ ಮೆಟ್ಟಿಲ ಮೇಲೆ ಹಳೆಯ ರಸ್ಕಿನ ಹಾಗೆ ಪುಡಿಯಾಗುವುದನ್ನು ನೀವೂ ನೋಡಿರಬಹುದು. ಅದು ಸವೆದು ಹಾಳಾದದ್ದಲ್ಲ, ವಯಸ್ಸಾಗಿ ಹಾಳಾದದ್ದು. ಪಿಯುವಿನಲ್ಲೂ ತೇವ ತಡೆಯುವ ಒಳ್ಳೆಯ ಜಾತಿ ಇದೆ, ಆದರೆ ಅಂಗಡಿಯಲ್ಲಿ ನಿಂತು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಹಾಗಾಗಿ ಡಬ್ಬದ ಮೇಲಿನ ಚೀಟಿ ಓದಿ. ಎಂಆರ್‌ಪಿಯ ಜೊತೆ ತಯಾರಾದ ತಿಂಗಳು, ವರ್ಷ ಅಲ್ಲಿ ಇರಲೇಬೇಕು, ಕಾನೂನೇ ಹಾಗಿದೆ. ಅರ್ಧ ಬೆಲೆಯ ಸೇಲ್‌ನಲ್ಲಿ ಬರುವ ಬೂಟು ಎಷ್ಟೋ ಸಲ ಗೋದಾಮಿನಲ್ಲಿ ಕೂತು ಹಳೆಯದಾದ ಮಾಲು. ಪಿಯು ಅಟ್ಟೆಯದು ಒಂದೂವರೆ ಎರಡು ವರ್ಷ ಹಳೆಯದಾಗಿದ್ದರೆ ನಾನಂತೂ ಮುಟ್ಟುವುದಿಲ್ಲ, ಬೆಲೆ ಎಷ್ಟೇ ಇಳಿಸಿರಲಿ. ರಬ್ಬರ್ ಅಟ್ಟೆಗೆ ಈ ಕಾಯಿಲೆ ಇಲ್ಲ. ಅದು ಭಾರ, ಮೊದಲ ವಾರ ಬಿರುಸು ಅನ್ನಿಸುತ್ತದೆ. ಆದರೆ ಒದ್ದೆ ಕಲ್ಲು, ಕೆಸರಿನ ಮೇಲೆ ಹಿಡಿತ ಜಾಸ್ತಿ, ಬಾಳಿಕೆಯೂ ಜಾಸ್ತಿ. ಪಿವಿಸಿ ಅಟ್ಟೆ ಬೇಡವೇ ಬೇಡ. ಚಳಿಗೆ ಬಿರುಸಾಗುತ್ತದೆ, ನೀರಿನಲ್ಲಿ ಜಾರುತ್ತದೆ.

ಇನ್ನು ಅಟ್ಟೆ ಹೇಗೆ ಕೂತಿದೆ ಎಂಬುದು. ಈ ಬೆಲೆಯಲ್ಲಿ ಬಹುತೇಕ ಎಲ್ಲವೂ ಅಂಟಿಸಿದ್ದೇ. ಅದೇನೂ ತಪ್ಪಲ್ಲ, ಸರಿಯಾಗಿ ಅಂಟಿಸಿದ ಅಟ್ಟೆ ವರ್ಷಗಟ್ಟಲೆ ನಿಲ್ಲುತ್ತದೆ. ತಪ್ಪು ಇರುವುದು ಹೊಲಿದ ಹಾಗೆ ತೋರಿಸುವುದರಲ್ಲಿ. ಅಟ್ಟೆಯ ಅಂಚಿನ ಸುತ್ತ ದಪ್ಪ ದಾರದ ಹೊಲಿಗೆ ಕಾಣುತ್ತದೆ, ನೋಡಿದವರು ಗುಡ್‌ಇಯರ್ ವೆಲ್ಟ್, ಅಂದರೆ ಸುತ್ತಲೂ ಒಂದು ಪಟ್ಟಿ ಕೊಟ್ಟು ಅದಕ್ಕೆ ಅಟ್ಟೆಯನ್ನು ಹೊಲಿದು ಕೂರಿಸಿದ ಬೂಟು, ಅಂದುಕೊಳ್ಳುತ್ತಾರೆ. ಬೂಟನ್ನು ಮಗುಚಿ ನೋಡಿ. ಮೇಲಿನ ಹೊಲಿಗೆಗೆ ಸರಿಯಾಗಿ ಕೆಳಗೂ, ಸಾಮಾನ್ಯವಾಗಿ ಒಂದು ಗೀಟಿನೊಳಗೆ, ದಾರ ಕಾಣಬೇಕು. ಮೇಲೆ ಮಾತ್ರ ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಅದು ಬಹುಪಾಲು ಅಲಂಕಾರ. ನಿಜವಾದ ವೆಲ್ಟ್ ಬೂಟಿಗೆ ಅಟ್ಟೆ ಬದಲಾಯಿಸಿಕೊಂಡು ಮತ್ತೆ ಮತ್ತೆ ಹಾಕಬಹುದು, ಆದರೆ ಅದು ನಿಮ್ಮ ಬಜೆಟ್ಟಿನಲ್ಲಿ ಹೊಸದಾಗಿ ಸಿಗುವುದು ಕಷ್ಟ.

ಅಂಟಿಸಿದ್ದನ್ನು ಪರೀಕ್ಷೆ ಮಾಡುವುದು ಸುಲಭ. ಹೆಬ್ಬೆರಳಿನಿಂದ ಅಟ್ಟೆಯ ಅಂಚನ್ನು ಕೆಳಕ್ಕೆ ಎಳೆಯುತ್ತಾ ಸುತ್ತಲೂ ಬನ್ನಿ. ಬೆರಳಿನ ಬುಡದಲ್ಲಿ, ಅಂದರೆ ನಡೆಯುವಾಗ ಮಡಿಯುವ ಜಾಗದಲ್ಲಿ, ಎರಡೂ ಪಕ್ಕ ಜೋರಾಗಿ ಎಳೆಯಿರಿ. ಕೂದಲೆಳೆಯಷ್ಟು ಸಂದು ಬಿಟ್ಟರೂ ಆ ಜೋಡಿ ಬೇಡ. ಮಳೆನೀರು ಒಳಗೆ ಹೋಗುವುದು ಅಲ್ಲಿಂದಲೇ. ಆಮೇಲೆ ಬೂಟನ್ನು ಬಗ್ಗಿಸಿ. ಬೆರಳಿನ ಬುಡದಲ್ಲಿ ಮಡಿಯಬೇಕು, ನಡುವೆ ಮಡಿಯಬಾರದು. ನಡುವೆ ಮಡಿದರೆ ಒಳಗೆ ಶ್ಯಾಂಕ್, ಅಂದರೆ ಅಟ್ಟೆಯನ್ನು ನೆಟ್ಟಗೆ ಹಿಡಿಯುವ ಉಕ್ಕಿನ ಪಟ್ಟಿ ಇಲ್ಲ ಅಥವಾ ದುರ್ಬಲವಾಗಿದೆ ಎಂದರ್ಥ. ಹಿಮ್ಮಡಿಯ ಭಾಗವನ್ನು ಎರಡು ಬೆರಳಿನಿಂದ ಹಿಸುಕಿ. ಪಟ್ಟನೆ ಒಳಗೆ ಹೋದರೆ ಅಲ್ಲಿರುವುದು ತೆಳು ರಟ್ಟು, ಒಂದೆರಡು ಸಲ ನೆನೆದರೆ ಕುಸಿಯುತ್ತದೆ.

ಈಗ ಚರ್ಮ. ‘ಜೆನ್ಯೂನ್ ಲೆದರ್’ ಎಂಬುದು ಗುಣಮಟ್ಟದ ದರ್ಜೆ ಅಲ್ಲ, ಚರ್ಮ ಇದೆ ಎಂದಷ್ಟೇ ಅದರ ಅರ್ಥ. ದಪ್ಪ ಚರ್ಮವನ್ನು ಯಂತ್ರದಲ್ಲಿ ಸೀಳಿದರೆ ಮೇಲಿನ ಪದರ, ಕೆಳಗಿನ ಪದರ ಎಂದು ಎರಡಾಗುತ್ತದೆ. ಮೇಲಿನದರಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ. ಕೆಳಗಿನದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಪದರ ಹಾಕಿ, ಅಚ್ಚು ಒತ್ತಿ, ಮೇಲಿನ ಚರ್ಮದ ಹಾಗೆ ಮಾಡಿ ಮಾರುತ್ತಾರೆ. ಅದೂ ಜೆನ್ಯೂನ್ ಲೆದರೇ ಅಲ್ವಾ? ರಫ್ತಿಗೆಂದು ತಯಾರಾದ ಬೂಟಿನ ಮೇಲೆ ಸಣ್ಣ ಚಿತ್ರಗಳ ಸ್ಟಿಕರ್ ಇದ್ದರೆ ಅದು ಹೆಚ್ಚು ನಂಬಿಕೆಗೆ ಅರ್ಹ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ, ಆ ತೊಗಲಿನೊಳಗೆ ಒಂದು ವಜ್ರಾಕಾರ ಇದ್ದರೆ ಮೇಲೆ ದಪ್ಪ ಲೇಪ ಇರುವ ಚರ್ಮ, ಬರೀ ವಜ್ರಾಕಾರ ಇದ್ದರೆ ಚರ್ಮವೇ ಅಲ್ಲದ ಬೇರೆ ವಸ್ತು. ಯುರೋಪಿನ 1994ರ ನಿಯಮದ ಪ್ರಕಾರ ಲೇಪ 0.15 ಮಿಲಿಮೀಟರ್ ದಾಟಿದರೆ ಅದನ್ನು ಸುಮ್ನೆ ಚರ್ಮ ಎಂದು ತೋರಿಸುವ ಹಾಗಿಲ್ಲ.

ಸ್ಟಿಕರ್ ಇಲ್ಲದಿದ್ದರೆ ನಾಲಿಗೆಯ ಅಂಚು, ಹಿಂದಿನ ಎಳೆಯುವ ಪಟ್ಟಿ, ಲೇಸ್ ತೂತಿನ ಒಳಬದಿ ನೋಡಿ. ಕತ್ತರಿಸಿದ ಅಂಚಿನಲ್ಲಿ ನಾರು ನಾರಾಗಿ ಕಾಣಬೇಕು. ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್. ಆಮೇಲೆ ಹೆಬ್ಬೆರಳಿನಿಂದ ಮುಂಭಾಗವನ್ನು ಒತ್ತಿ. ಒಳ್ಳೆಯ ಚರ್ಮದಲ್ಲಿ ಸುತ್ತ ಸಣ್ಣ ಸಣ್ಣ ಸುಕ್ಕು ಎದ್ದು, ಬೆರಳು ತೆಗೆದ ಕೂಡಲೇ ಹೋಗುತ್ತದೆ. ದಪ್ಪ ದಪ್ಪ, ಟೊಳ್ಳು ಸುಕ್ಕು ಎದ್ದರೆ ಅದು ಪ್ರಾಣಿಯ ಹೊಟ್ಟೆಯ ಕಡೆಯ ಚರ್ಮ, ಅಲ್ಲಿ ನಾರು ಸಡಿಲ. ಕತ್ತರಿಸುವಾಗ ಬೂಟಿನ ಮುಂಭಾಗವನ್ನು ಬೆನ್ನಿನ ಚರ್ಮದಲ್ಲಿ ತೆಗೆಯಬೇಕು, ಹೊಟ್ಟೆಯದನ್ನು ನಾಲಿಗೆಗೋ ಒಳಭಾಗಕ್ಕೋ ಹಾಕಬೇಕು. ಖರ್ಚು ಉಳಿಸುವವರು ಅಲ್ಲೇ ಕೈ ಚಳಕ ತೋರಿಸುತ್ತಾರೆ. ಎಡ ಬಲ ಎರಡನ್ನೂ ಒತ್ತಿ ನೋಡಿ, ಎಷ್ಟೋ ಜೋಡಿಯಲ್ಲಿ ಒಂದು ಬೆನ್ನಿನದು, ಇನ್ನೊಂದು ಹೊಟ್ಟೆಯದು ಇರುತ್ತದೆ. ವಾಸನೆಯನ್ನು ಮಾತ್ರ ನಂಬಬೇಡಿ. ಚರ್ಮದ ವಾಸನೆಯನ್ನು ಸಿಂಪಡಿಸಲೂ ಬರುತ್ತದೆ.

ನಮ್ಮ ದೇಶದ ಅಗ್ಗದ ಬೂಟುಗಳಲ್ಲಿ ಎಮ್ಮೆ ಚರ್ಮ ಸಾಮಾನ್ಯ. ಮೇಲ್ಮೈ ಒರಟು, ಅದಕ್ಕೇ ಉಜ್ಜಿ ನಯ ಮಾಡಿ ಬಣ್ಣದ ಲೇಪ ಕೊಡುತ್ತಾರೆ. ಕೆಲವರು ಇದನ್ನು ಕೀಳಾಗಿ ನೋಡುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ದಪ್ಪ ಎಮ್ಮೆ ಚರ್ಮ ಗಟ್ಟಿ, ಬೈಕು ಓಡಿಸುವವರ ಏಟು ತಡೆಯುತ್ತದೆ. ಅದರ ತೊಂದರೆ ಒಂದೇ, ಲೇಪಕ್ಕೆ ಗೀರು ಬಿದ್ದರೆ ಎದ್ದು ಕಾಣುತ್ತದೆ. ನಿಮ್ಮ ಎಡಗಾಲಿನ ಬೂಟಿನ ಮೂತಿಗೆ ಗೇರ್ ಲಿವರ್ ಉಜ್ಜಿ ಹಾಗಾಗುವುದು ಖಂಡಿತ. ಲಿವರ್‌ಗೆ ಹಾಕುವ ರಬ್ಬರ್ ಕವರ್ ಬೈಕ್ ಅಂಗಡಿಯಲ್ಲಿ ಸಿಗುತ್ತದೆ, ಮೊದಲ ದಿನವೇ ಹಾಕಿಸಿ.

ಚಂದಕ್ಕಿಂತ ಬಾಳಿಕೆ ಮುಖ್ಯ ಅನ್ನುವುದಾದರೆ ಇನ್ನೊಂದು ದಾರಿ ಇದೆ. ಕಾರ್ಖಾನೆ ಕೆಲಸಗಾರರ ಬೂಟಿಗೆ ಐಎಸ್ 15298 ಎಂಬ ಮಾನದಂಡ ಇದೆ. ಅದರ ಭಾಗ 2 ಮೂತಿಗೆ ಗಟ್ಟಿ ಟೋಪಿ ಇರುವ ಸೇಫ್ಟಿ ಬೂಟಿಗೆ, ಭಾಗ 4 ಟೋಪಿ ಇಲ್ಲದ ಕೆಲಸದ ಬೂಟಿಗೆ. ಅಟ್ಟೆ ಎಷ್ಟು ಬಲಕ್ಕೆ ಬಿಟ್ಟುಕೊಳ್ಳುತ್ತದೆ, ಚರ್ಮ ಎಷ್ಟಕ್ಕೆ ಹರಿಯುತ್ತದೆ ಎಂದೆಲ್ಲ ಪರೀಕ್ಷೆ ಆಗಿರುತ್ತದೆ. ಐಎಸ್‌ಐ ಗುರುತಿರುವ ಚರ್ಮದ ಜೋಡಿ ನಿಮ್ಮ ಬಜೆಟ್ಟಿಗಿಂತ ಕಡಿಮೆಗೇ ಸಿಗುತ್ತದೆ. ಭಾರ, ಸೆಕೆ, ಆಫೀಸಿಗೆ ಒಪ್ಪುವುದಿಲ್ಲ, ಅದು ನಿಜ. ತೋಟದ ಓಡಾಟಕ್ಕೆ ಅದಕ್ಕಿಂತ ಒಳ್ಳೆಯದನ್ನು ಆ ದುಡ್ಡಿಗೆ ನಾನು ಕಂಡಿಲ್ಲ. ಅಟ್ಟೆ ಪಿಯುವೋ ರಬ್ಬರೋ ಎಂದು ಅಲ್ಲೂ ಕೇಳಿ.

ತಂದ ಮೇಲಿನ ಮಾತು. ನೆನೆದ ಬೂಟು ಹಾಳಾಗುವುದು ನೀರಿನಿಂದ ಕಡಿಮೆ, ಒಣಗಿಸುವ ರೀತಿಯಿಂದ ಜಾಸ್ತಿ. ಒಲೆಯ ಪಕ್ಕ, ಬೈಕಿನ ಸೈಲೆನ್ಸರ್ ಹತ್ತಿರ, ಸುಡು ಬಿಸಿಲು, ಹೇರ್ ಡ್ರೈಯರ್, ಯಾವುದೂ ಬೇಡ. ಕಾರ್ಖಾನೆಯಲ್ಲಿ ಅಟ್ಟೆ ಕೂರಿಸುವಾಗ ಒಣಗಿದ ಅಂಟನ್ನು ಬಿಸಿ ಮಾಡಿ, ಮೆತ್ತಗಾದ ಮೇಲೆ ಯಂತ್ರದಲ್ಲಿ ಒತ್ತುತ್ತೇವೆ. ಒಲೆಯ ಪಕ್ಕ ಇಟ್ಟಾಗಲೂ ಅಂಟು ಹಾಗೇ ಮೆತ್ತಗಾಗುತ್ತದೆ, ಒತ್ತುವ ಯಂತ್ರ ಮಾತ್ರ ಅಲ್ಲಿ ಇರುವುದಿಲ್ಲ. ನೆನೆದ ಚರ್ಮ ಸೆಟೆದುಕೊಳ್ಳುತ್ತಾ ಅಟ್ಟೆಯನ್ನು ಎಳೆಯುತ್ತದೆ. ನಿಮ್ಮ ಹಿಂದಿನ ಬೂಟಿಗೆ ಹೀಗೇ ಆಗಿರುವ ಸಾಧ್ಯತೆ ಇದೆ.

ಮಾಡಬೇಕಾದದ್ದು ಇಷ್ಟೇ. ಕೆಸರು ಒರೆಸಿ, ಲೇಸ್ ಬಿಚ್ಚಿ, ಒಳಗಿನ ಮೆತ್ತೆ ಹೊರಗೆ ತೆಗೆಯಿರಿ. ಹಳೆಯ ಪೇಪರ್ ಉಂಡೆ ಮಾಡಿ ಬೆರಳಿನ ಕಡೆಗೂ ಹಿಮ್ಮಡಿಗೂ ತುಂಬಿ. ಒಂದೆರಡು ಗಂಟೆಗೆ ಪೇಪರ್ ಬದಲಾಯಿಸಿ. ಬೂಟನ್ನು ಪಕ್ಕಕ್ಕೆ ಮಲಗಿಸಿ, ಅಟ್ಟೆಗೂ ಗಾಳಿ ತಾಗಲಿ. ಫ್ಯಾನಿನ ಗಾಳಿ ಸಾಕು. ಪೂರ್ತಿ ಒಣಗಲು ಎರಡು ದಿನ ಹಿಡಿಯಬಹುದು, ಅಲ್ಲಿಯವರೆಗೆ ಹಾಕಬೇಡಿ. ಅದಕ್ಕೇ ಒಂದು ಜೊತೆ ಗಂಬೂಟು ಇಟ್ಟುಕೊಳ್ಳಿ ಎನ್ನುತ್ತೇನೆ. ಜುಲೈ ತಿಂಗಳ ಸಕಲೇಶಪುರದ ಮಳೆಗೆ ಯಾವ ಚರ್ಮದ ಬೂಟೂ ದಿನಾ ತಡೆಯುವುದಿಲ್ಲ.

ಬೂಷ್ಟು ನಿಮಗೆ ಬಿಡದ ಸಮಸ್ಯೆ. ಕಂಡರೆ ಮನೆಯೊಳಗೆ ಕೊಡವಬೇಡಿ, ಹೊರಗೆ ಒಯ್ದು ಒಣ ಬಟ್ಟೆಯಲ್ಲಿ ಒರೆಸಿ. ವಿನೆಗರ್ ಮತ್ತು ನೀರನ್ನು ಸಮ ಸಮ ಬೆರೆಸಿ, ಬಟ್ಟೆ ಹಿಂಡಿ ಒರೆಸಿ, ಒಣಗಿಸಿ. ಮೊದಲು ಕಾಣದ ಜಾಗದಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬಾಗಿಲು ಮುಚ್ಚಿದ ಕಪಾಟಿಗಿಂತ ತೆರೆದ ಸ್ಟ್ಯಾಂಡ್ ಮೇಲು.

ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದೂ ಕೇಳಿದ್ದೀರಿ. ಬೇಡ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೆ ಎಣ್ಣೆ ಹಚ್ಚುವ ರೂಢಿ ಇದೆ, ಅದು ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಲೇಪವಿಲ್ಲದ ಚರ್ಮ, ಎಣ್ಣೆ ಕುಡಿಯುತ್ತದೆ. ನಿಮ್ಮ ಬೂಟಿನದು ಕ್ರೋಮ್‌ನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ, ಹದ ಮಾಡಿ ಲೇಪ ಕೊಟ್ಟದ್ದು. ಎಣ್ಣೆ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ಹೊಲಿಗೆಯಲ್ಲಿ ಇಳಿದು ಕಮಟುತ್ತದೆ, ಬೂಷ್ಟಿಗೂ ಊಟವಾಗುತ್ತದೆ. ಡಬ್ಬಿಯ ಮೇಣದ ಪಾಲಿಶ್ ಅಥವಾ ಬಣ್ಣವಿಲ್ಲದ ಶೂ ಕ್ರೀಮ್ ಸಾಕು. ತಿಂಗಳಿಗೆ ಒಂದೆರಡು ಸಲ, ತೆಳುವಾಗಿ, ಮಡಿಕೆ ಬೀಳುವ ಕಡೆ ಸ್ವಲ್ಪ ಹೆಚ್ಚು ಗಮನ ಕೊಟ್ಟು ಹಚ್ಚಿ. ಸ್ಪಂಜಿನ ದ್ರವ ಪಾಲಿಶ್ ಬಳಸಬೇಡಿ. ಅದು ಮೇಲೆ ಪೊರೆಯಾಗಿ ಕೂತು ಮಡಿಕೆಯಲ್ಲಿ ಒಡೆಯುತ್ತದೆ.

ಅಟ್ಟೆ ತುದಿಯಲ್ಲಿ ಒಂಚೂರು ಬಿಟ್ಟ ದಿನವೇ ರಿಪೇರಿಯವರ ಹತ್ತಿರ ಹೋಗಿ. ಹಳೆಯ ಅಂಟು ಕೆರೆದು, ಉಜ್ಜಿ ಒರಟು ಮಾಡಿ, ಎರಡೂ ಕಡೆ ಸಲ್ಯೂಷನ್ ಹಚ್ಚಿ ಆರಲು ಬಿಡುವವರು ಕೆಲಸ ಬಲ್ಲವರು. ಹೊಸ ಬೂಟಿಗೇ ಸುತ್ತ ಹೊಲಿಗೆ ಹಾಕಿಸಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಪಕ್ಕದ ಗೋಡೆ ಎತ್ತರವಿರುವ ರಬ್ಬರ್ ಅಟ್ಟೆಗೆ ಅದು ಒಳ್ಳೆಯದೇ. ಪಿಯು ಅಟ್ಟೆಗೆ ಬೇಡ, ತೂತಿನ ಸಾಲಿನಲ್ಲೇ ಹರಿಯುತ್ತದೆ.

ನಿಮ್ಮ ಎರಡರಲ್ಲಿ ನಾನಾದರೆ ಲೇಸ್ ಇರುವ ರಬ್ಬರ್ ಅಟ್ಟೆಯದನ್ನೇ ತರುತ್ತೇನೆ. ಜಿಪ್ ಬೂಟು ಹಾಕಲು ಸುಲಭ, ಆದರೆ ಕೆಸರು ಹೊಕ್ಕರೆ ರನ್ನರ್ ಹೋಗುತ್ತದೆ, ಆ ಸಂದಿನಿಂದ ನೀರೂ ಇಳಿಯುತ್ತದೆ. ಲೇಸಿನದರಲ್ಲಿ ನಾಲಿಗೆಯ ಎರಡೂ ಪಕ್ಕ ಚರ್ಮದ ಮಡಿಕೆ ಸೇರಿಸಿ ಹೊಲಿದಿದ್ದಾರೆಯೇ ನೋಡಿ, ಇದ್ದರೆ ನೀರು ಅಷ್ಟು ಬೇಗ ಒಳಗೆ ಬರುವುದಿಲ್ಲ. ಸಂಜೆ ಹೊತ್ತು, ದಪ್ಪ ಸಾಕ್ಸ್ ಹಾಕಿಕೊಂಡು ಅಳತೆ ನೋಡಿ. ತಂದ ಮೇಲೆ ನಾಲ್ಕು ದಿನ ಮನೆಯೊಳಗೆ ಹಾಕಿ ಓಡಾಡಿ, ಬಿಲ್ಲು ಮತ್ತು ಡಬ್ಬ ಎಸೆಯಬೇಡಿ. ಅಂಚು ಬಿಡುವುದಿದ್ದರೆ ಎಷ್ಟೋ ಸಲ ಆ ನಾಲ್ಕು ದಿನದಲ್ಲೇ ಗೊತ್ತಾಗುತ್ತದೆ, ಅಟ್ಟೆಗೆ ಕೆಸರು ತಾಗದಿದ್ದರೆ ಅಂಗಡಿಯವರೂ ತಕರಾರಿಲ್ಲದೆ ಬದಲಾಯಿಸಿ ಕೊಡುತ್ತಾರೆ.