ಒಂದೇ ತೋಟದ ಶಿರಾಜ್

ತಮ್ಮಾ, ಆಸ್ಟ್ರೇಲಿಯಾದ ಅಡಿಲೇಡಿಗೆ ಓದಲು ಬಂದು ಎರಡು ತಿಂಗಳಾಯಿತು, ಹತ್ತಿರದ ಬರೋಸಾ ಕಣಿವೆಯಲ್ಲಿ ನಿಮ್ಮ ಹಾಗೆ ಸ್ವಂತ ವೈನ್ ಮಾಡಿ ಬದುಕಬಹುದಾ ಅಣ್ಣಾ ಅಂತ ಕೇಳಿದ್ದೀಯ. ವಿಜಯಪುರದ ಕಡೆ ಮನೆಯಲ್ಲಿ ದ್ರಾಕ್ಷಿ ಪಡ ಇದೆ ಅಂದೆಯಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನನ್ನ ಹೊಟ್ಟೆಪಾಡಿಗೆ ಬೇರೆ ನೌಕರಿ ಇದೆ. ವೈನ್ ಏನಿದ್ದರೂ ಶನಿವಾರ, ಭಾನುವಾರ. ಇರುವುದು ಒಂದು ಎಕರೆ ಶಿರಾಜ್ ಅನ್ನುವ ವೈನ್ ದ್ರಾಕ್ಷಿಯ ಹಳೇ ಬಳ್ಳಿ, ಮಳೆ ನೀರೇ ಗತಿ. ಒಂದು ಟನ್ ಹಣ್ಣು ಬಂದರೆ ಪುಣ್ಯ. ಅದರಿಂದ 300 ಲೀಟರಿನ ಎರಡು ಓಕ್ ಪೀಪಾಯಿ ತುಂಬುತ್ತವೆ, ಸುಮಾರು 800 ಬಾಟಲಿ.

ನಮ್ಮ ಕಡೆ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಬಳ್ಳಿಗೆ ನಿದ್ದೆಯೇ ಇಲ್ಲ. ಇಲ್ಲಿ ಅದು ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಒಂದೇ ಸಲ ಚಾಟ್ನಿ. ಹಣ್ಣೂ ನಮ್ಮ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಥರ ಅಲ್ಲ. ಸಣ್ಣ ಕಾಳು, ಒಳಗೆ ಬೀಜ, ಮೇಲೆ ಕಪ್ಪು ಸಿಪ್ಪೆ. ಕೆಂಪು ಬಣ್ಣವೆಲ್ಲ ಆ ಸಿಪ್ಪೆಯದು. ಹಾಗಾಗಿ ಸಿಪ್ಪೆ ಸಮೇತ ತೊಟ್ಟಿಯಲ್ಲಿ ಹುದುಗಲು ಬಿಡುತ್ತೇವೆ. ಗ್ಯಾಸ್ ಎದ್ದು ಸಿಪ್ಪೆಯೆಲ್ಲ ಮೇಲೆ ಬಂದು ಗಟ್ಟಿಯಾಗಿ ಕಟ್ಟುತ್ತದೆ, ಅದನ್ನು ದಿನಕ್ಕೆ ಮೂರು ಸಲ ಕೆಳಗೆ ಒತ್ತಬೇಕು. ಬೆಳಗಿನ ಐದಕ್ಕೆ, ಕೆಲಸದಿಂದ ಬಂದ ಮೇಲೆ, ಮಲಗುವ ಮುಂಚೆ. ಹೀಗೆ ಎಂಟು ಹತ್ತು ದಿನ. ಶೆಡ್ಡಿನ ಬಾಗಿಲು ಮಾತ್ರ ಮುಚ್ಚಬಾರದು, ಆ ಗ್ಯಾಸ್ ಜೀವ ತೆಗೆಯುತ್ತದೆ.

ಒಂದು ವರ್ಷ ಕೊಯ್ಲಿಗೆ ನಾಲ್ಕು ದಿನ ಇರುವಾಗ ಬಿಸಿಲು 40 ಡಿಗ್ರಿ ದಾಟಿತು. ಕೊಯ್ಯಲು ಜನ ಸಿಗಲಿಲ್ಲ. ಹಣ್ಣು ಬಳ್ಳಿಯಲ್ಲೇ ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುವುದೊಂದು ಬಾಕಿ. ದೊಡ್ಡ ಕಂಪನಿಯವರಾದರೆ ತಂಪು ಜಾಗದ ವೈನ್ ಬೆರೆಸಿ ಸರಿ ಮಾಡಿಕೊಳ್ಳುತ್ತಾರೆ. ಲೇಬಲ್ ಮೇಲೆ ಒಂದೇ ತೋಟದ್ದು ಅಂತ ಹಾಕಿದ ನನಗೆ ಆ ದಾರಿ ಎಲ್ಲಿದೆ? ಆ ವರ್ಷದ ವೈನ್ ಜಾಮ್ ಥರ ಆಯಿತು. ಅರ್ಧಕ್ಕರ್ಧ ಇನ್ನೂ ಶೆಡ್ಡಲ್ಲೇ ಇದೆ, ಬಂದಾಗ ರುಚಿ ನೋಡು.

ನೀನು ಮೊದಲು ಒಂದು ಕೊಯ್ಲಿನಲ್ಲಿ ಕೂಲಿ ಮಾಡು. ಹಂಗಾಮು ಫೆಬ್ರವರಿಯಿಂದ ಏಪ್ರಿಲ್, ಸರಿಯಾಗಿ ಕ್ಲಾಸ್ ಶುರುವಾಗುವ ಹೊತ್ತು. ಸ್ಟೂಡೆಂಟ್ ವೀಸಾದವರು ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು, ಲೆಕ್ಕ ತಪ್ಪಿಸಬೇಡ.

ಅಪ್ಪನಿಗೆ ಏನು ಹೇಳಲಿ ಅಂತಲೂ ಕೇಳಿದ್ದೀಯ. ನಾನು ಮೂರು ವರ್ಷ ‘ದ್ರಾಕ್ಷಿ ಕೆಲಸ’ ಅಂತಲೇ ಹೇಳಿದೆ. ಸುಳ್ಳೇನಲ್ಲ, ಅಲ್ವಾ?

ಇನ್ನೊಂದು. ಊರಿನ ಪಡದಲ್ಲಿ ಮೆಟ್ಟಿದ ಚಪ್ಪಲಿ ತಂದಿದ್ದರೆ ಅದನ್ನು ಹಾಕಿಕೊಂಡು ಇಲ್ಲಿನ ತೋಟಕ್ಕೆ ಬರಬೇಡ. ಮಣ್ಣಿಗಂಟಿ ಬಂದು ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಹುಳ ಈ ರಾಜ್ಯಕ್ಕೆ ಕಾಲಿಡದೆ ಇದ್ದದ್ದರಿಂದಲೇ ಇಲ್ಲಿ 1840ರ ದಶಕದ ಬಳ್ಳಿಗಳು ಇನ್ನೂ ಹಣ್ಣು ಬಿಡುತ್ತಿವೆ. ಬೂಟು ನಾನು ಕೊಡುತ್ತೇನೆ, ನಿನ್ನ ಅಳತೆ ತಿಳಿಸು.