‘ಟೆಸ್ಟ್’ ಅಂದರೆ ಏನು? ವಾಕ್ಯದಲ್ಲಿ ಹೇಗೆ ಬಳಸಬೇಕು?

ಒಂದು ವಸ್ತು ಅಥವಾ ಒಬ್ಬರ ತಿಳಿವಳಿಕೆ ನಿಜಕ್ಕೂ ಹೇಗಿದೆ ಅಂತ ಒರೆಗೆ ಹಚ್ಚಿ ನೋಡುವುದೇ ಟೆಸ್ಟ್. ಲ್ಯಾಟಿನ್‌ನ ‘ಟೆಸ್ಟಮ್’ ಅಂದರೆ ಮಣ್ಣಿನ ಪಾತ್ರೆ. ಹಿಂದೆ ಚಿನ್ನ, ಬೆಳ್ಳಿಯನ್ನು ಅಂಥ ಪಾತ್ರೆಯಲ್ಲಿ ಕಾಯಿಸಿ ಶುದ್ಧವೋ ಬೆರಕೆಯೋ ನೋಡುತ್ತಿದ್ದರು. ಪದ ಬಂದಿದ್ದು ಅಲ್ಲಿಂದ.

ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಶಾಲೆ-ಕಾಲೇಜಿನಲ್ಲಿ ಟೆಸ್ಟ್ ಚಿಕ್ಕದು, ಎಕ್ಸಾಮ್ ದೊಡ್ಡದು. ಅಷ್ಟೇ ವ್ಯತ್ಯಾಸ.

ಗೊಂದಲ ಜಾಸ್ತಿ ಆಗುವುದು ಜೊತೆಗೆ ಬರುವ ಪದಗಳಲ್ಲಿ. ನಮ್ಮ ದಾವಣಗೆರೆ ಕಡೆ ಹುಡುಗರು ‘ಐ ಗೇವ್ ಎ ಟೆಸ್ಟ್’ ಅನ್ನುತ್ತಾರೆ. ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಬ್ರಿಟನ್, ಅಮೆರಿಕದಲ್ಲಿ ಟೆಸ್ಟ್ ‘ಗಿವ್’ ಮಾಡುವವರು ಮೇಷ್ಟ್ರು. ಬರೆಯುವವರು ‘ಟೇಕ್’ ಮಾಡುತ್ತಾರೆ. ಇಂಗ್ಲಿಷ್ ಜ್ಞಾನ ಅಳೆಯುವ ಐಇಎಲ್‌ಟಿಎಸ್‌ನಲ್ಲೋ ಕೆಲಸದ ಇಂಟರ್‌ವ್ಯೂನಲ್ಲೋ ಮಾತಾಡುವಾಗ ‘ಐ ಟುಕ್ ಎ ಟೆಸ್ಟ್’ ಅಂತಲೇ ಹೇಳಿ.

ಇನ್ನೊಂದು ಪದ ‘ಫಾರ್’. ನಾವು ಏನನ್ನು ಹುಡುಕುತ್ತೇವೋ ಅದರ ಮುಂಚೆ ಇದು ಬರಬೇಕು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅಲ್ವಾ? ಅದನ್ನು ಪರೀಕ್ಷಿಸಿದರು ಅನ್ನಲು ‘ದೇ ಟೆಸ್ಟೆಡ್ ದ ವಾಟರ್ ಫಾರ್ ಫ್ಲೋರೈಡ್’ ಅನ್ನಬೇಕು. (ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಒಮ್ಮೆ ಟೆಸ್ಟ್ ಮಾಡಿಸಿ.)

ಆಸ್ಪತ್ರೆಯ ರಿಪೋರ್ಟ್ ಓದುವಾಗಲೂ ಹುಷಾರು. ‘ಟೆಸ್ಟೆಡ್ ಪಾಸಿಟಿವ್’ ಅಂದರೆ ಹುಡುಕಿದ್ದು ಸಿಕ್ಕಿತು ಅಂತ. ಡೆಂಗಿ ಪಾಸಿಟಿವ್ ಅಂದರೆ ಒಳ್ಳೆಯ ಸುದ್ದಿ ಅಂತಲ್ಲ, ರಕ್ತದಲ್ಲಿ ಡೆಂಗಿಯ ಗುರುತು ಸಿಕ್ಕಿದೆ ಅಂತ ಅರ್ಥ.